ಎತ್ತಿನ ಝೂಲದ ಕ್ರಿಸ್‌ಮಸ್ ಅಜ್ಜ

ಮನೆಯೆಂದ ಮೇಲೆ ಜಗಳ ಇದ್ದದ್ದೇ. ಹೊಲದ ಬದುವಿಗಾಗಿ ಜಗಳವಾಡುವವರಿದ್ದಾರೆ, ನಳದ ನೀರಿಗಾಗಿ ಆಡುವವರಿದ್ದಾರೆ, ಮದುವೆಯ ಪಂಕ್ತಿಯಲ್ಲಿ ತಮ್ಮ ಎಲೆಗೆ ಬೂಂದಿ ಕಡಿಮೆ ಬಿತ್ತೆಂದು ಎದ್ದುಹೋದವರನ್ನೂ ನಾನು ಬಲ್ಲೆ. ಇವೆಲ್ಲ ಮರ್ಯಾದಸ್ಥ ಜಗಳಗಳು. ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳಬಹುದು, ಹಿರಿಯರು ಯಾರಾದರೂ ಬಂದು ಎರಡು ಸಲ ಚಹಾ ಕುಡಿದು ಬಗೆಹರಿಸಿಯೂ ಹೋಗುತ್ತಾರೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಗೆ ವಕ್ಕರಿಸಿದ ಜಗಳವನ್ನು ಮಾತ್ರ ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ಮಾತು ಬಿಟ್ಟಿದ್ದರು. ಒಬ್ಬಳು ನನ್ನ ಹೆತ್ತ ತಾಯಿ, ಇನ್ನೊಬ್ಬರು ಬಾಜೂ ಮನೆಯ ಗಂಗವ್ವಕಾಕು. ಕಾರಣವೇನೆಂದರೆ, ಎಲ್ಲಿಯದೋ ದೇಶದಲ್ಲಿ, ಹಿಮ ಬೀಳುವ ಯಾವುದೋ ಊರಿನಲ್ಲಿ, ಕ್ರಿಸ್‌ಮಸ್ ಹಬ್ಬದ ದಿನ ಒಬ್ಬ ಹುಡುಗಿ ಯಾರನ್ನು ಮದುವೆಯಾಗಬೇಕಿತ್ತು ಎಂಬುದು.

ಮೂಲ ತಪ್ಪು ನನ್ನದೇ. ದೊಡ್ಡ ಟೀವಿ ತಂದವನು ನಾನು. ಕ್ರಿಕೆಟ್ ನೋಡಲೆಂದು ತಂದಿದ್ದೆ. ತಂದ ದಿನವೇ ರಿಮೋಟು ಅವ್ವನ ಸೆರಗಿನ ಗಂಟಿಗೆ ಹೋಯಿತು. ಡಿಸೆಂಬರ್ ಹುಟ್ಟುತ್ತಲೇ ಒಂದು ಚಾನೆಲ್ಲಿನವರು ದಿನಾ ಮಧ್ಯಾಹ್ನ ಹೊರದೇಶದ ಕ್ರಿಸ್‌ಮಸ್ ಸಿನಿಮಾಗಳಿಗೆ ಕನ್ನಡದ ಮಾತು ಜೋಡಿಸಿ ಬಿಡತೊಡಗಿದರು. ಊಟ ಮುಗಿಸಿ, ಎಲೆ-ಅಡಿಕೆಯ ಚೀಲ ಹಿಡಿದುಕೊಂಡು ಗಂಗವ್ವಕಾಕು ನಮ್ಮ ಪಡಸಾಲೆಗೆ ಬರುವುದು, ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ಹಿಮ ನೋಡುವುದು ರೂಢಿಯಾಯಿತು. ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಹಿಮಪಾತ ಎಂದರೇನೆಂದು ವರ್ಷಾ ವರ್ಷಾ ಡಸ್ಟರ್ ಬಡಿದು ಸುಣ್ಣದಪುಡಿ ಹಾರಿಸಿ ತೋರಿಸಿದ್ದೇನೆ. ನನ್ನ ವಿದ್ಯಾರ್ಥಿಗಳಿಗಿಂತ ಹೆಚ್ಚಿನ ಹಿಮಜ್ಞಾನ ಈ ಇಬ್ಬರಿಗೆ ಒಂದೇ ವಾರದಲ್ಲಿ ಬಂದುಬಿಟ್ಟಿತು.

ಆ ಸಿನಿಮಾಗಳನ್ನು ನೀವು ನೋಡಿರಬಹುದು. ಹತ್ತು ನೋಡಿದರೂ ಒಂದನ್ನೇ ನೋಡಿದ ಸಮಾಧಾನ ಸಿಗುತ್ತದೆ. ದೊಡ್ಡ ಶಹರದಲ್ಲಿ ನೌಕರಿ ಮಾಡುವ ಹುಡುಗಿಯೊಬ್ಬಳು ಹಬ್ಬಕ್ಕೆ ಸಣ್ಣ ಊರಿಗೆ ಬರುತ್ತಾಳೆ. ಕೈಯಲ್ಲೊಂದು ಕಾಗದದ ಕಪ್ಪು; ಅದರಲ್ಲಿ ಕಾಫಿ ಇಲ್ಲವೆಂಬುದು ಅವಳು ಅದನ್ನು ಬೀಸುವ ರೀತಿಯಲ್ಲೇ ಗೊತ್ತಾಗುತ್ತದೆ. ಬಿಸ್ಕೀಟು ಮಾಡುವಾಗ ಮೂಗಿನ ತುದಿಗೆ ಹಿಟ್ಟು ಹತ್ತುತ್ತದೆ, ಒರೆಸಲಿಕ್ಕೆ ಒಬ್ಬ ಗಂಡಸು ಅಲ್ಲೇ ನಿಂತಿರುತ್ತಾನೆ. "ಓಹ್, ಎಂಥ ಅದ್ಭುತವಾದ ಸಂಜೆ" ಎಂದು ನಮ್ಮ ಪಠ್ಯಪುಸ್ತಕದಲ್ಲೂ ಇಲ್ಲದ ಕನ್ನಡದಲ್ಲಿ ಮಾತಾಡುತ್ತಾರೆ. ಕೊನೆಗೆ ಎಲ್ಲರೂ ತಬ್ಬಿಕೊಂಡು "ಹಬ್ಬದ ನಿಜವಾದ ಅರ್ಥ ಈಗ ತಿಳಿಯಿತು" ಎನ್ನುತ್ತಾರೆ. ಏನು ತಿಳಿಯಿತೆಂದು ಒಬ್ಬರೂ ಹೇಳುವುದಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿ, ಹಿಮ ಬಿದ್ದು, ಸಿನಿಮಾ ಮುಗಿದುಹೋಗಿರುತ್ತದೆ.

ಮುದುಕಿಯರಿಗೆ ಕಥೆಗಿಂತ ವ್ಯವಸ್ಥೆಯ ಚಿಂತೆ. "ಇಷ್ಟ ಹಿಮಾ ಬಿದ್ದೈತಿ, ಅಂಗಳದಾನ ಕಸಾ ಹೊಡಿಯಾಕ ಒಬ್ಬರೂ ಇಲ್ಲಲ್ಲ ಇವರ ಮನ್ಯಾಗ?" ಎಂದು ಅವ್ವ ಕೇಳುವಳು. "ಗಿಡಾ ಕಡದ ತಂದು ಮನಿಯೊಳಗ ನಿಲ್ಲಿಸ್ಯಾರ. ಬೇರ ಇಲ್ಲ, ಮಣ್ಣ ಇಲ್ಲ. ನಾಕ ದಿನಕ್ಕ ಒಣಗತೈತಿ ನೋಡ" ಎಂದು ಕಾಕು ಭವಿಷ್ಯ ನುಡಿಯುವರು. ಅವ್ವನಿಗೆ ಇಷ್ಟವಾದದ್ದು ಒಂದು ನಾಯಿ ಸ್ವೆಟರು ಹಾಕಿಕೊಂಡು ಇಬ್ಬರ ಮದುವೆ ಮಾಡಿಸುವ ಸಿನಿಮಾ. ಕಾಕುಗೆ, ಹಿಮ ಬಿದ್ದು ದಾರಿ ಬಂದಾಗಿ ಊರ ಮಂದಿಯೆಲ್ಲ ಒಂದೇ ಅಡಿಗೆಮನೆಯಲ್ಲಿ ಉಂಡ ಸಿನಿಮಾ. ನನ್ನ ಹೆಂಡತಿ ಮಹಾನಂದಾಗೆ, ಗಂಡಸರು ಪಾತ್ರೆ ತೊಳೆಯುವ ದೃಶ್ಯ ಯಾವುದರಲ್ಲಿದ್ದರೂ ಅದೇ ಶ್ರೇಷ್ಠ. ಆ ದೃಶ್ಯ ಬಂದಾಗ ಆಕೆ ಟೀವಿಯನ್ನು ನೋಡದೆ ನನ್ನನ್ನು ನೋಡುತ್ತಾಳೆ. ನನಗೆ ಇಷ್ಟವಾದದ್ದು ಯಾವುದೆಂದು ಹೇಳಲಾರೆ, ಯಾಕೆಂದರೆ ಅದರ ಮೊದಲ ಹತ್ತು ನಿಮಿಷದಲ್ಲೇ ನನಗೆ ಒಳ್ಳೆಯ ನಿದ್ದೆ ಹತ್ತಿತ್ತು.

ಆ ಒಂದು ರವಿವಾರದ ಸಿನಿಮಾ ನಮ್ಮ ಸಂಸಾರಕ್ಕೆ ಮುಳುವಾಯಿತು. ಅದರ ಹುಡುಗಿಗೆ ಶಹರದಲ್ಲಿ ಒಬ್ಬನ ಜೊತೆ ನಿಶ್ಚಯವಾಗಿದೆ. ಸೂಟು ಹಾಕುತ್ತಾನೆ, ದೊಡ್ಡ ನೌಕರಿ, ಸದಾ ಕಿವಿಗೆ ಫೋನು. ಸಣ್ಣ ಊರಿನಲ್ಲಿ ಇನ್ನೊಬ್ಬ ಸಿಗುತ್ತಾನೆ. ಆತ ಹಬ್ಬಕ್ಕೆ ಮನೆಮನೆಗೆ ಗಿಡ ಮಾರುವವನು, ಗಡ್ಡ ಬಿಟ್ಟಿದ್ದಾನೆ, ನಾಯಿ ಸಾಕಿದ್ದಾನೆ. ಹುಡುಗಿ ಹಬ್ಬದ ದಿನ ಸೂಟಿನವನ ಉಂಗುರ ಬಿಚ್ಚಿಕೊಟ್ಟು ಗಿಡದವನನ್ನು ಆರಿಸಿಕೊಳ್ಳುತ್ತಾಳೆ. ಅವ್ವ ಚಪ್ಪಾಳೆ ತಟ್ಟಿದಳು. ಗಂಗವ್ವಕಾಕು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ನಿಶ್ಚೇ ಆದ ಮ್ಯಾಲ ಉಂಗರಾ ಬಿಚ್ಚಿ ಕೊಡೂದಂದ್ರ ಏನ? ಆ ಹುಡುಗಂದ ಏನ ತಪ್ಪ ಐತಿ? ನೌಕರಿ ಐತಿ, ಚಟಾ ಇಲ್ಲ."

"ಊಟಕ್ಕ ಕುಂತಾಗೂ ಫೋನಿನ್ಯಾಗ ಮಾತಾಡತಾನ. ಇಂವಾ ನೋಡ, ನಾಯಿಗೂ ಮೊದಲ ಉಣಸಿ ಆಮ್ಯಾಲ ಉಣತಾನ," ಎಂದಳು ಅವ್ವ.

"ನಾಯಿಗೆ ಉಣಸಿದ್ರ ಆತೇನ? ಗಿಡಾ ಮಾರೂದು ವರ್ಷಕ್ಕ ಒಂದ ಸಲ. ಉಳದ ಹನ್ನೊಂದ ತಿಂಗಳಾ ಏನ ಮಾಡತಾನ ಅಂವಾ?"

ಇದು ಒಳ್ಳೆಯ ಪ್ರಶ್ನೆ. ಅಷ್ಟೊಂದು ಸಿನಿಮಾ ನೋಡಿದ್ದರೂ ನನಗೇ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರವಿಲ್ಲದಾಗ ಮನುಷ್ಯ ಆಡಬಾರದ್ದನ್ನು ಆಡುತ್ತಾನೆ. ಅವ್ವ ಅಂದಳು: "ನೀನೂ ನೌಕರಿ ನೋಡೇ ಮಗಳನ್ನ ಕೊಟ್ಟಿ. ಏನ ಬಂತು? ದೀಪಾವಳಿಗೆ ಬಂದಾಂವ ನಿನ್ನ ಅಳಿಯಾ ಅಂಗಳದಾಗ ಫೋನ್ ಹಿಡಕೊಂಡ ತಿರಗಿದ್ದ ತಿರಗಿದ್ದು, ನಿನ್ನ ಜೋಡಿ ಎರಡ ಮಾತ ಆಡಿದನೇನ?"

ಟೀವಿಯಲ್ಲಿ ಗಂಟೆ ಬಾರಿಸುತ್ತಿತ್ತು, ಹಿಮ ಬೀಳುತ್ತಿತ್ತು. ಗಂಗವ್ವಕಾಕು ಎಲೆಯ ಚೀಲದ ದಾರ ಎಳೆದು ಎದ್ದು ಹೊರಟುಹೋದರು. ಆ ಅಳಿಯನ ದುಃಖ ಅವರು ಇಡೀ ಓಣಿಯಲ್ಲಿ ಹೇಳಿಕೊಂಡದ್ದು ಒಬ್ಬಳ ಮುಂದೆ ಮಾತ್ರ, ನಮ್ಮವ್ವನ ಮುಂದೆ. ಅದು ಅವ್ವನಿಗೆ ನೆನಪಾಗುವಷ್ಟರಲ್ಲಿ ಕಾಕು ತಮ್ಮ ಹೊಸ್ತಿಲು ದಾಟಿಯಾಗಿತ್ತು.

ಇನ್ನು ಡಬ್ಬಿಯ ವಿಷಯ ಹೇಳಬೇಕು. ನಮ್ಮ ಕಡೆ ಬಾಜೂ ಮನೆಗೆ ಡಬ್ಬಿಯಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಆ ಡಬ್ಬಿ ಖಾಲಿ ಹಿಂತಿರುಗುವಂತಿಲ್ಲ. ಶೇಂಗಾ ಚಟ್ನಿ ಹೋದರೆ ಉಂಡಿ ಬರಬೇಕು, ಉಂಡಿ ಬಂದ ಡಬ್ಬಿಯಲ್ಲಿ ಉಪ್ಪಿನಕಾಯಿ ಹೋಗಬೇಕು. ಹೀಗೆ ಎರಡು ಮನೆಗಳ ಡಬ್ಬಿಗಳು ಯಾರ ಮನೆಯಲ್ಲೂ ನೆಲೆ ನಿಲ್ಲದೆ ಆಯುಷ್ಯವಿಡೀ ಓಡಾಡುತ್ತಿರುತ್ತವೆ. ಜಗಳವಾದ ಮರುದಿನ ಗಂಗವ್ವಕಾಕು ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಒಟ್ಟು ಮಾಡಿ ಕಳಿಸಿಬಿಟ್ಟರು. ಅವ್ವನೂ ಅವರವನ್ನೆಲ್ಲ ಮಹಾನಂದಾ ಕೈಯಲ್ಲಿ ಕಳಿಸಿದಳು. ಆದರೆ ಸಿಟ್ಟು ಎಷ್ಟೇ ಇರಲಿ, ಖಾಲಿ ಕಳಿಸಲು ಇಬ್ಬರಿಗೂ ಮನಸ್ಸಿಲ್ಲ. ಒಂದೊಂದು ಡಬ್ಬಿಯ ತಳಕ್ಕೂ ಒಂದೊಂದು ಚಮಚ ಸಕ್ಕರೆ ಹಾಕಿ ಸಂಬಂಧ ಕಡಿದುಕೊಂಡರು. ಆ ದಿನ ನಮ್ಮ ಮನೆಯಲ್ಲಿ ಚಹಾಕ್ಕೆ ಬೇರೆ ಸಕ್ಕರೆ ಬೇಕಾಗಲಿಲ್ಲ.

ಡಬ್ಬಿಗಳೆಲ್ಲ ಸ್ವಂತ ಮನೆ ಸೇರಿದ ಮೇಲೆ ಒಬ್ಬರು ಇನ್ನೊಬ್ಬರ ಮನೆಗೆ ಹೋಗಲು ನೆವವೇ ಉಳಿಯಲಿಲ್ಲ. ಅವ್ವ ಸೊರಗಿದಳು. ಮಧ್ಯಾಹ್ನ ಟೀವಿ ಹಚ್ಚುವಳು, ಹಿಮ ಬೀಳುವುದನ್ನು ನೋಡುವಳು, "ಅಂಗಳಾ..." ಎಂದು ಬಾಜೂ ತಿರುಗುವಳು, ಖಾಲಿ ಗೋಡೆ ಕಾಣುವಳು. ರಜೆಯ ದಿನಗಳಲ್ಲಿ ನನ್ನನ್ನು ಕೂಡಿಸಿಕೊಂಡಳು. ನಾನು ಗೊರಕೆ ಹೊಡೆದದ್ದಕ್ಕೆ ಎಬ್ಬಿಸಿ, "ಗಂಗೂ ಎಂದೂ ನಿದ್ದಿ ಮಾಡಿದಾಕಿ ಅಲ್ಲ" ಎಂದು ಹೋಲಿಸಿದಳು. ರೊಟ್ಟಿ ಅರ್ಧಕ್ಕೆ ಬಿಡತೊಡಗಿದಳು. ಹೋಗಿ ಮಾತಾಡಿಸಬಾರದೇ ಎಂದರೆ, "ಏನಂತ ಹೋಗ್ಲಿ? ಯಾವ ಬಾಯಿಲೆ ಹೋಗ್ಲಿ?" ಎಂದು ನನ್ನ ಮೇಲೆಯೇ ಹಾಯ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಕೆಡುಕೆನಿಸಿತು.

ಶಾಲೆಯ ಸ್ಟಾಫ್ ರೂಮಿನಲ್ಲಿ ಸ್ಯಾಮ್ಯುವೆಲ್ ಸರ್ ಇದ್ದಾರೆ. ಗಣಿತ ಕಲಿಸುತ್ತಾರೆ, ಕ್ರೈಸ್ತರು, ಬೆಳಗಾವಿಯವರು. ಹಬ್ಬದ ಯಜಮಾನರೇ ಕೈಗೆ ಸಿಕ್ಕಿರುವಾಗ ಸಿನಿಮಾದವರನ್ನು ಯಾಕೆ ಕೇಳಬೇಕೆಂದು, "ಸರ್, ನಿಮ್ಮ ಹಬ್ಬದ ಖರೆ ಅರ್ಥ ಏನ್ರಿ?" ಎಂದು ವಿಚಾರಿಸಿದೆ. ಅವರು ಉತ್ತರಪತ್ರಿಕೆಯಿಂದ ತಲೆಯೆತ್ತಿ, "ದೇವರ ಮಗಾ ದನದ ಮನ್ಯಾಗ ಹುಟ್ಟಿದ್ದ ದಿನಾ ರೀ. ಮುಂಜಾನೆ ಚರ್ಚಿಗೆ ಹೋಗತೇವಿ, ಮಧ್ಯಾಹ್ನ ಯಾರ ಬರ್ತಾರ ಅವರಿಗೆಲ್ಲಾ ಊಟಾ ಹಾಕತೇವಿ," ಎಂದರು. ಹಿಮ, ಗಿಡ, ಕೆಂಪು ಅಂಗಿಯ ಅಜ್ಜ ಇವೆಲ್ಲ ಎಲ್ಲಿ ಎಂದೆ. "ಹಿಮಾ ಬೆಳಗಾವ್ಯಾಗ ಎಲ್ಲಿಂದ ತರೂದ್ರಿ ಸರ? ಆ ಸಿನಿಮಾ ಒಂದೂ ನಾ ನೋಡಿಲ್ಲ. ನಮ್ಮ ಮನ್ಯಾಗ ಎಲ್ಲಾರೂ ಧಾರಾವಾಹಿ ನೋಡತಾರ," ಎಂದು ಮತ್ತೆ ತಲೆ ಬಗ್ಗಿಸಿದರು.

ಉಪಾಯ ಹೊಳೆದದ್ದು ಮಹಾನಂದಾಗೆ. ಆಕೆ ಹುಕ್ಕೇರಿಯವಳು, ಹುಕ್ಕೇರಿಯವರಿಗೆ ಉಪಾಯ ಹೊಳೆದರೆ ಅದನ್ನು ಮಾಡುವ ಕೆಲಸ ಗೋಕಾಕದವರ ಮೇಲೆ ಬೀಳುತ್ತದೆ ಎಂಬುದು ನನ್ನ ಮದುವೆಯ ನಂತರದ ಅನುಭವ. "ಎಲ್ಲಾ ಸಿನಿಮಾದಾಗೂ ಮುನಸ್ಕೊಂಡಾವ್ರನ್ನ ಕೂಡಸಾಂವ ಯಾರ್ರಿ? ಆ ಕೆಂಪ ಅಂಗಿ ಅಜ್ಜ. ಹಬ್ಬದ ದಿನಾ ನೀವ ಆ ಅಜ್ಜ ಆಗ್ರಿ. ಓಣ್ಯಾಗ ಮನಿ ಮನಿಗೆ ಚಾಕಲೇಟ್ ಕೊಟಗೋತ ಹೋಗ್ರಿ. ಕಾಕು ಮನಿ ಬಂದ ಕೂಡಲೇ ಒಂದ ಕರದಂಟಿನ ಡಬ್ಬಿ ಅವರ ಕೈಯಾಗಿಟ್ಟು, ಇದು ನಿಮ್ಮ ಗೆಳತಿ ಕೊಟ್ಟದ್ದು ಅನ್ರಿ. ಮುಗೀತು." ನಾನೇ ಯಾಕೆ ಎಂದೆ. "ಹೊಟ್ಟಿ ಇದ್ದದ್ದ ಐತಿ. ದಿಂಬ ಕಟ್ಟೂದು ಉಳೀತು," ಎಂದಳು. ಇಷ್ಟು ವರ್ಷದಲ್ಲಿ ನನ್ನ ಹೊಟ್ಟೆಯಿಂದ ಉಪಯೋಗವಿದೆ ಎಂದು ಆಕೆ ಒಪ್ಪಿಕೊಂಡದ್ದು ಅದೇ ಮೊದಲು.

ಅಂಗಿ ಹೊಲಿಸಲು ನಮ್ಮ ಹಳೆಯ ದರ್ಜಿ ರಾಜೇಸಾಬರ ಅಂಗಡಿಗೆ ಹೋದೆ. ಕೆಂಪು ಮಖಮಲ್ಲು ಬೇಕೆಂದಾಗ ಅವರು ಅಟ್ಟದಿಂದ ಒಂದು ಗಂಟು ಇಳಿಸಿದರು. ತುಕ್ಕಾನಟ್ಟಿಯ ಗೌಡರೊಬ್ಬರ ಎತ್ತುಗಳಿಗೆ ಝೂಲ ಹೊಲಿದು ಉಳಿದ ಬಟ್ಟೆಯಂತೆ. ಕಾರಹುಣ್ಣಿಮೆಗೆ ಎತ್ತಿನ ಬೆನ್ನ ಮೇಲೆ ಹೊದಿಸುತ್ತಾರಲ್ಲ, ಕನ್ನಡಿ ಬಿಲ್ಲೆ, ಗೆಜ್ಜೆ ಪೋಣಿಸಿದ ಬಟ್ಟೆ, ಅದು. ನನ್ನ ಸೊಂಟಕ್ಕೆ ಟೇಪು ಸುತ್ತಿ, ಎರಡನೇ ಸಲ ಸುತ್ತಿ, "ಒಂದ ಎತ್ತಿಂದು ಸಾಕಾಗತೈತಿ ಅಂದಿದ್ನಿ ಮಾಸ್ತರ. ಸಾಲೂದಿಲ್ಲರಿ. ಜೋಡೆತ್ತಿಂದ ಬೇಕಾಗತೈತಿ," ಎಂದರು. ಕನ್ನಡಿಯನ್ನೂ ಗೆಜ್ಜೆಯನ್ನೂ ಕಿತ್ತುಬಿಡಿ ಎಂದರೆ ಒಪ್ಪಲಿಲ್ಲ. "ಹಬ್ಬದ ಅರಿವಿ ಬೋಳ ಇರಬಾರದ್ರಿ, ಬರಕತ್ ಇರೂದಿಲ್ಲ, ಏಳಿಗಿ ಆಗೂದಿಲ್ಲ." ಗಡ್ಡಕ್ಕೆ ಅವ್ವನ ದೇವರಬತ್ತಿಯ ಹತ್ತಿ ತೆಗೆದುಕೊಂಡೆವು. ಅವ್ವ ಗೊತ್ತಿಲ್ಲದೆ ಅದರಲ್ಲಿ ಅರ್ಧ ಗಡ್ಡವನ್ನು ಹೊಸೆದು ಬತ್ತಿ ಮಾಡಿಬಿಟ್ಟಿದ್ದಳು. ಹಾಗಾಗಿ ನನ್ನ ಗಡ್ಡ ಎಡಗಡೆ ಮೋಡದ ಹಾಗೆ, ಬಲಗಡೆ ಬತ್ತಿಬತ್ತಿಯಾಗಿ ಇಳಿದಿತ್ತು.

ಡಿಸೆಂಬರ್ ಇಪ್ಪತ್ತೈದರ ಇಳಿಹೊತ್ತು. ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಹೆಗಲಿಗೆ ಬಿಳಿ ಚೀಲ. ತಳದಲ್ಲಿ ಕರದಂಟು, ಮೇಲೆ ಚಾಕಲೇಟು. ಓಣಿಯ ಬಾಯಿಗೆ ಬರುತ್ತಲೇ ಕಬ್ಬಿನ ಗಾಡಿಯೊಂದು ಎದುರಾಯಿತು. ಎಡಗಡೆಯ ಎತ್ತು ನನ್ನನ್ನು ಕಂಡು ನಿಂತುಬಿಟ್ಟಿತು. ಮೂಗು ಚಾಚಿ ನನ್ನ ಭುಜವನ್ನು ಮೂಸಿತು. ಗಾಡಿಯವನು ಇಳಿದು, ನನ್ನನ್ನೂ ಎತ್ತನ್ನೂ ನೋಡಿ, "ಬಾಜೂ ಸರೀರಿ ಅಜ್ಜಾರ. ನಿಮ್ಮನ್ನ ತನ್ನ ಜೋಡಿ ಅನಕೊಂಡೈತಿ ಇದು," ಎಂದ. ಸರಿದೆ. ಎತ್ತು ತಿರುತಿರುಗಿ ನೋಡುತ್ತ ಹೋಯಿತು.

ಮೊದಲ ಮನೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಹಬ್ಬದ ಶುಭಾಶಯ ಹೇಳಹೋದೆ. ಬಾಯಿಗೆ ಹತ್ತಿ ಹೋಗಿ ಬರೀ ಕೆಮ್ಮು ಬಂತು. ಮೈಮೇಲಿನ ಗೆಜ್ಜೆ ಘಲ್ಲೆಂದಿತು. ಒಳಗಿಂದ ಹೆಣ್ಣುಮಗಳು ಬಂದಳು. ನಾನು ಚಾಕಲೇಟು ತೆಗೆಯಲೆಂದು ಚೀಲದ ಬಾಯಿ ಬಿಚ್ಚಿದೆ. ಅಲ್ಲೇ ಎಡವಟ್ಟಾದದ್ದು. ನಮ್ಮ ಊರುಗಳಲ್ಲಿ ಗಡ್ಡದವರು, ಕಾಲಗೆಜ್ಜೆಯವರು, ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಿಗೆ ಬಂದರೆ ಜಂಗಮರು, ಅಯ್ಯನವರು. ಅವರು ಜೋಳಿಗೆಯ ಬಾಯಿ ಬಿಚ್ಚಿದರೆ ಅದರ ಅರ್ಥ ಒಂದೇ. "ಒಂದ ನಿಮಿಷ ತಡೀರಿ ಅಜ್ಜಾರ" ಎಂದು ಒಳಗೆ ಓಡಿದವಳು ಮೊರದ ತುಂಬ ಜೋಳ ತಂದು ನನ್ನ ಚೀಲಕ್ಕೆ ಸುರಿದು, ಬಗ್ಗಿ ನಮಸ್ಕರಿಸಿಯೇಬಿಟ್ಟಳು.

ಎರಡನೇ ಮನೆಯಲ್ಲಿ ಹೀಗಾಗಬಾರದೆಂದು ಚೀಲವನ್ನು ಸ್ವಲ್ಪವೇ ಬಿಚ್ಚಿದೆ. ಸ್ವಲ್ಪ ಬಿಚ್ಚಿದ್ದರಿಂದ ಜೋಳದ ಬದಲು ತೆಂಗಿನಕಾಯಿ ಬಿತ್ತು. ಮೂರನೆಯದರಲ್ಲಿ ಬಿಚ್ಚಲೇ ಇಲ್ಲ. ಮನೆಯ ಯಜಮಾನರು ತಾವೇ ಬಿಚ್ಚಿ ಬೆಲ್ಲದ ಪೆಂಟಿ ಇಟ್ಟರು. "ಯಾವ ಮಠದಾವ್ರ ರೀ? ಈಗ ಕಾವಿ ಬಿಟ್ಟು ಕೆಂಪ ಚಾಲೂ ಆಗೇತೇನ್ರಿ?" ಎಂದು ಕೇಳಿದರು. ನಾನು ಹತ್ತಿಯೊಳಗಿಂದ ಹೂಂಗುಟ್ಟಿದೆ. ಮತ್ತೊಂದು ಮನೆಯಲ್ಲಿ, ಹೊಸ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಯಾವಾಗ ಬರುತ್ತಾಳೆ ಎಂದು ಕೇಳಿದರು. ನಾನು ದಿಕ್ಕುಗಾಣದೆ ಬೆರಳಿನಿಂದ ಪಶ್ಚಿಮಕ್ಕೆ ತೋರಿಸಿದೆ. ಭೂಗೋಳದ ಮಾಸ್ತರನಿಗೆ ದಿಕ್ಕು ತೋರಿಸುವ ಚಟ. "ಹೌದ್ರಿ, ಹುಕ್ಕೇರಿ ಅಲ್ಲೇ ಬರತೈತಿ, ಆಕಿ ತವರಮನಿ!" ಎಂದು ಅವರು ಕಣ್ಣಗಲಿಸಿ ಇನ್ನೊಂದು ಮೊರ ಸುರಿದರು. ನನ್ನ ಹಿಂದೆ ಸುದ್ದಿ ಓಡುತ್ತಿತ್ತು. ಮುಂದಿನ ಮನೆಗಳವರು ಮೊರ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಚೀಲ ಬೆನ್ನು ಮುರಿಯುವಷ್ಟು ಭಾರವಾಯಿತು, ಚಾಕಲೇಟು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಜಗತ್ತಿನ ಉಳಿದೆಡೆ ಈ ಅಜ್ಜ ಆ ದಿನ ಹಂಚಿ ಹಂಚಿ ಹಗುರಾಗುತ್ತಿದ್ದನೇನೋ. ಗೋಕಾಕದಲ್ಲಿ ಅವನಿಗೆ ಏದುಸಿರು ಬಂದಿತ್ತು.

ಹಾಗೇ ಗಂಗವ್ವಕಾಕುವಿನ ಬಾಗಿಲು ಬಂತು. ಕಾಕು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಚಪ್ಪಲಿಯ ಮೇಲೆ ಅವರ ಕಣ್ಣು ಕ್ಷಣ ಹೊತ್ತು ನಿಂತಿತು. "ನಿಂದರ್ರಿ" ಎಂದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಆ ಸಂದಿಯಲ್ಲಿ ಕರದಂಟು ತೆಗೆಯಲೆಂದು ಚೀಲದೊಳಗೆ ತೋಳು ಇಳಿಸಿದೆ. ಮೊಣಕೈವರೆಗೆ ಜೋಳ, ಅದರ ಕೆಳಗೆ ಬೆಲ್ಲ, ಅದರ ಕೆಳಗೆ ಕಾಯಿ. ಕರದಂಟು ಕೈಗೆ ನಿಲುಕಲಿಲ್ಲ. ತೋಳು ಒಳಗಿರುವಾಗಲೇ ಕಾಕು ಹೊರಬಂದರು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ.

"ಅಜ್ಜಾರ," ಎಂದರು, "ನೀವು ಮನಿ ಮನಿ ತಿರಗಾವ್ರು. ಬಾಜೂ ಮನ್ಯಾಗ ಒಬ್ಬಾಕಿ ಅದಾಳ. ಆಕಿ ಮನಿಗೂ ಹೋಗ್ರಿ. ಬಾಯಿ ಭಾಳ ಜೋರ ಐತಿ ಆಕೀದು, ಮನಸ ಕೆಟ್ಟಿಲ್ಲ. ಉಣ್ಣೂದು ಬಿಟ್ಟಾಳಂತ ಕೇಳೇನಿ. ಆಕಿಗೆ ಆಶೀರ್ವಾದ ಮಾಡ್ರಿ." ಆಮೇಲೆ ತಾವೇ ಚೀಲದ ಬಾಯಿ ಸರಿಸಿ, ಜೋಳದ ಮೇಲೆ ಡಬ್ಬಿಯನ್ನು ಮೆಲ್ಲಗೆ ಇಟ್ಟು, "ಡಬ್ಬಿ ಜ್ವಾಕಿ," ಎಂದರು.

ಕರದಂಟು ಕೊಡಬೇಕು, ಗೆಳತಿ ಕೊಟ್ಟದ್ದೆಂದು ಹೇಳಬೇಕು, ಬಂದದ್ದೇ ಅದಕ್ಕೆ. ಕಾಕು ಎದುರಿಗೆ ನಿಂತಿದ್ದಾರೆ, ಏನೋ ಆಗಲಿ ಎಂದು ಕಾಯುತ್ತಿದ್ದಾರೆ. ನನಗೆ ಬೇರೇನೂ ತೋಚಲಿಲ್ಲ. ಬಲಗೈ ಎತ್ತಿ ಆಶೀರ್ವಾದ ಮಾಡಿದೆ. ಸಣ್ಣವನಿದ್ದಾಗ ನನ್ನ ಸಿಂಬಳ ಒರೆಸಿ, ಕಿವಿ ಹಿಂಡಿ ಶಾಲೆಗೆ ಕಳಿಸಿದ ಹೆಣ್ಣುಮಗಳಿಗೆ ಎತ್ತಿನ ಝೂಲ ತೊಟ್ಟು ಆಶೀರ್ವಾದ ಮಾಡಿದೆ. ಅವರು ತಲೆ ಬಗ್ಗಿಸಿ ಸ್ವೀಕರಿಸಿದರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡು ನಾನೂ ಕಣ್ಣು ಒರೆಸಿಕೊಂಡೆ.

ನಮ್ಮ ಅಂಗಳಕ್ಕೆ ಕಾಲಿಡುತ್ತಲೇ ಅವ್ವ ಗೆಜ್ಜೆಯ ಸಪ್ಪಳ ಕೇಳಿ ಮೊರ ಹಿಡಿದು ಬಂದಳು. ಮಹಾನಂದಾ ಒಳಗಿಂದ ಓಡಿ ಬರುವಷ್ಟರಲ್ಲಿ ಜೋಳ ಸುರಿದು ನನ್ನ ಕಾಲಿಗೆ ಬಗ್ಗಿಯೂ ಆಗಿತ್ತು. "ಅವ್ವಾ, ಬ್ಯಾಡಬೇ, ನಾನ ಬಸೂ!" ಎಂದು ಗಡ್ಡ ಕಿತ್ತೆ. ಅವ್ವ ಮೆಲ್ಲಗೆ ನೆಟ್ಟಗಾದಳು. ನನ್ನನ್ನೂ, ಕನ್ನಡಿ ಬಿಲ್ಲೆಗಳನ್ನೂ, ಕೈಯಲ್ಲಿದ್ದ ತನ್ನ ಬತ್ತಿಗಳನ್ನೂ ನೋಡಿದಳು. "ಪಗಾರ ನಿಂತತೇನೋ?" ಎಂದು ಗಾಬರಿಯಿಂದ ಕೇಳಿದಳು.

ಚೀಲವನ್ನು ಪಡಸಾಲೆಯ ತಾಡಪತ್ರಿಯ ಮೇಲೆ ಬೋರಲು ಹಾಕುತ್ತಿದ್ದಂತೆ ಮೊದಲು ಉರುಳಿಬಂದದ್ದು ಆ ಡಬ್ಬಿ. ಅವ್ವನಿಗೆ ಓದಲು ಬರುವುದಿಲ್ಲ. ಮುಚ್ಚಳದ ಮೇಲೆ ಕೊರೆಸಿದ ಗಂಗವ್ವನ ಹೆಸರು ಅವಳಿಗೆ ಬೇಕಾಗಲಿಲ್ಲ. ಅಂಚಿನ ನೆಗ್ಗಿದ ಜಾಗದ ಮೇಲೆ ಬೆರಳಾಡಿಸಿದಳು. ತೆಗೆದಳು. ಮಾದಲಿ. ಗೋದಿಯ ಪುಡಿಗೆ ಬೆಲ್ಲ, ಏಲಕ್ಕಿ, ಪುಠಾಣಿ ಬೆರೆಸಿದ, ಅವ್ವನಿಗೆ ಪ್ರಾಣವಾದ ಮಾದಲಿ, ಅದೂ ಆಗಷ್ಟೇ ಕಲಸಿದ್ದು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಯಾರ ಮೇಲೋ ಸಿಟ್ಟು ಬಂದವಳಂತೆ ದೊಡ್ಡ ದನಿಯಲ್ಲಿ, "ಈಗ ಇದನ್ನ ಖಾಲಿ ಕೊಡಾಕ ಬರತೈತೇನ? ಬರೂದಿಲ್ಲ! ಮಹಾನಂದಾ, ಶೇಂಗಾ ಹುರಿ!" ಎಂದು ಎದ್ದಳು. ಅಷ್ಟು ದಿನಗಳ ಮೇಲೆ ಅವಳ ದನಿಯಲ್ಲಿ ಹಳೆಯ ಜೋರು ಕೇಳಿ ನನಗೆ ಹಾಯೆನಿಸಿತು.

ದೀಪ ಹಚ್ಚುವ ಹೊತ್ತಿಗೆ ಶೇಂಗಾ ಹೋಳಿಗೆ ತುಂಬಿದ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಅವ್ವ ಬಾಜೂ ಮನೆಗೆ ಹೋದಳು. ನಾನೂ ಮಹಾನಂದಾಳೂ ಹಿತ್ತಲ ಗೋಡೆಗೆ ಕಿವಿಯಿಟ್ಟೆವು. ಕ್ಷಮೆ ಕೇಳುತ್ತಾಳೆಂದು ಕಾದೆವು. ಇಬ್ಬರೂ ಮೊದಲು ಶೇಂಗಾದ ದರದ ಬಗ್ಗೆ ಮಾತಾಡಿದರು. ಆಮೇಲೆ ಅವ್ವನ ದನಿ ಕೇಳಿತು. "ನಾ ವಿಚಾರ ಮಾಡಿದ್ನಿ ಗಂಗೂ. ಆ ಸಿನಿಮಾದಾನ ಸೂಟಿನಾಂವ... ಫೋನಿನ್ಯಾಗ ಇದ್ದರೂ ಹುಡುಗ ಛಲೋನ ಅದಾನ. ಕೆಲಸದ ಕಾಟಾ ಇರತೈತಿ. ಮಂದಿ ಸುಮ್ಮನ ಆಡಿಕೊಳ್ಳತಾರ. ಆಡಬಾರದಿತ್ತು." ಆಮೇಲೆ ಕಾಕು ಮೂಗು ಎಳೆದುಕೊಂಡು ಅಂದರು: "ಗಿಡಾ ಮಾರಾಂವನೂ ಕೆಟ್ಟಾಂವ ಅಲ್ಲ ಬಿಡ. ಉಳದ ದಿನಾ ಏನರೆ ದಂಧೆ ಮಾಡತಿದ್ದಾನು." ಗೋಡೆಯ ಈಚೆ ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನನ್ನ ಕಣ್ಣೂ ತುಂಬಿತ್ತು, ಗಡ್ಡವಿಲ್ಲದ್ದರಿಂದ ಮುಚ್ಚಿಡಲಾಗಲಿಲ್ಲ.

ಮರುದಿನ ಮಧ್ಯಾಹ್ನ ಗಂಗವ್ವಕಾಕು ಎಲೆಯ ಚೀಲದೊಂದಿಗೆ ಹಾಜರು. ನಾನು ಸ್ವಲ್ಪ ಎದೆಯುಬ್ಬಿಸಿಯೇ ಓಡಾಡುತ್ತಿದ್ದೆ, ಕೂಡಿಸಿದವನು ನಾನಲ್ಲವೇ? ಕಾಕು ಅವ್ವನಿಗೆ ಹೇಳುತ್ತಿದ್ದರು: "ನಿನ್ನ ಮಗಂದ ಚಪ್ಪಲಿ ನೋಡೇ ಗುರ್ತಾ ಹಿಡದ್ನಲ್ಲ. ಚಪ್ಪಲಿ ಇರಲಿಲ್ಲಂದ್ರೂ ಹಿಡೀತಿದ್ನಿ. ಕೊಡಾಕ ಬಂದಾಂವ ಹಂಗ ನಿಲ್ಲೂದಿಲ್ಲ. ಇಂವಾ ಸಣ್ಣಾಂವ ಇದ್ದಾಗ ಉಂಡಿ ಕೇಳಾಕ ಬಂದ ನಿಂದರತಿದ್ದನಲ್ಲ, ಹಂಗ ನಿಂತಿದ್ದ. ಅದಕ್ಕ ಮಾದಲಿ ಕಲಸಿ ಕೊಟ್ನಿ. ಡಬ್ಬಿ ಹೋದ್ರ ನೀ ಬರಲೇಬೇಕಲ್ಲ." ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಶೀರ್ವಾದದ ಹೊತ್ತಿನಲ್ಲಿ ಕಾಕುವಿನ ಭುಜ ಯಾಕೆ ಅಲುಗುತ್ತಿತ್ತೆಂದು ನನಗೆ ಆಗ ತಿಳಿಯಿತು. ಮಹಾನಂದಾ ಕಡೆ ನೋಡಿದೆ. ಆಕೆ, ಕಾಕು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲವೆಂಬಂತೆ ತಲೆಯಾಡಿಸುತ್ತಿದ್ದಳು.

ಜೋಳಿಗೆಗೆ ಬಿದ್ದದ್ದು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಅವ್ವ ಜೋಳ, ಬೆಲ್ಲ, ಕಾಯಿಗಳನ್ನೆಲ್ಲ ಮಠದ ದಾಸೋಹಕ್ಕೆ ಕಳಿಸಿದಳು. ತವರಿಗೆ ಹೋಗಿದ್ದ ಆ ಸೊಸೆ ಹುಕ್ಕೇರಿಯಿಂದ ಬಂದಳಂತೆ, ಕೆಂಪು ಅಜ್ಜಾರನ್ನು ಓಣಿಯವರು ಇನ್ನೂ ವಿಚಾರಿಸುತ್ತಿದ್ದಾರೆ. ಸ್ಯಾಮ್ಯುವೆಲ್ ಸರ್‌ಗೆ ಎಲ್ಲ ಹೇಳಿದೆ, ತಪ್ಪಾಯಿತೇನೋ ಎಂಬ ಅಳುಕಿನಿಂದಲೇ. ಅವರು ಕನ್ನಡಕ ತೆಗೆದಿಟ್ಟು ಮನಸಾರೆ ನಕ್ಕರು. "ದನದ ಮನ್ಯಾಗ ಹುಟ್ಟಿದಾವನ ಹಬ್ಬಕ್ಕ ನೀವು ಎತ್ತಿನ ಝೂಲಾ ಹಾಕ್ಕೊಂಡ ಹೋಗೀರಿ. ಆ ಸಿನಿಮಾದಾವ್ರಕಿಂತ ನೀವ ಹತ್ತರ ಬಂದೀರಿ ಬಿಡ್ರಿ," ಎಂದರು.

ಆ ಮಾತಿನಿಂದ ಉಬ್ಬಿ ಮನೆಗೆ ಬಂದು, ಚೀಲವನ್ನು ಮಡಚಿಡಲೆಂದು ಕೊಡವಿದೆ. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಕರದಂಟಿನ ಡಬ್ಬಿ ಕೆಳಗೆ ಬಿತ್ತು. ಕೊಡಲು ಬಂದವನು ಹೇಗೆ ನಿಲ್ಲುತ್ತಾನೆಂದು ಗಂಗವ್ವಕಾಕುಗೆ ತೋರಿಸಿಯೇಬಿಡುತ್ತೇನೆಂದು ತಕ್ಷಣ ಎದ್ದೆ. ನೋಡಿದರೆ ಡಬ್ಬಿ ಒಂದು ಕಡೆ ಜಜ್ಜಿತ್ತು. ಜಜ್ಜಿದ್ದನ್ನು ಹಿರಿಯರಿಗೆ ಕೊಡುವುದು ಸರಿಯೇ? ಒಳಗಿನದು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಒಂದು ತುಂಡು ತಿಂದೆ. ಒಂದು ತುಂಡು ಕಡಿಮೆಯಾದ ಡಬ್ಬಿ ಕೊಡುವುದು ಇನ್ನೂ ಕೆಟ್ಟದ್ದು. ಅಲ್ಲದೆ ರಟ್ಟಿನ ಡಬ್ಬಿಯ ಮೇಲೆ ಯಾರ ಹೆಸರನ್ನೂ ಕೊರೆಸಿರುವುದಿಲ್ಲ. ತುಂಬಿ ಹಿಂತಿರುಗಿಸಬೇಕೆಂಬ ಕಟ್ಟಳೆಯೂ ಅದಕ್ಕಿಲ್ಲ. ಕೊನೆಯ ತುಂಡು ಬಾಯಿಗೆ ಹಾಕಿಕೊಳ್ಳುವಾಗ ಮಹಾನಂದಾ ಬಾಗಿಲಲ್ಲಿ ಬಂದು ನಿಂತಳು. "ಏನ್ರಿ, ಅವತ್ತ ಆ ಕರದಂಟ ಕಾಕುಗ ಮುಟ್ಟಿಸಿದ್ರಿ ಹೌದಿಲ್ಲೋ?" ಎಂದಳು. ಬಾಯಿ ತುಂಬಿತ್ತು. ಬಲಗೈ ಎತ್ತಿ ಆಶೀರ್ವಾದ ಮಾಡಿದೆ.